ಇಬ್ಬರ ಪಾಲಿನ ಟ್ಯಾಲಿನ್

ಎಂಟುನೂರು ವರ್ಷ ಹಳೆಯ, ಬಾಲ್ಟಿಕ್ ಕರಾವಳಿಯ ಟ್ಯಾಲಿನ್ ಪಟ್ಟಣ ಒಮ್ಮೆ ತನ್ನದೇ ಗಲ್ಲಿಗಳಲ್ಲಿ ದಾರಿ ತಪ್ಪಿ ಅಳುತ್ತಾ ನಿಂತಿದ್ದಾಗ ಅದರ ಕೈಹಿಡಿದು ಮನೆ ಮುಟ್ಟಿಸಿದವನು ಸಿಡ್ನಿಯ ಟೂಂಗಾಬಿ ಬಡಾವಣೆಯ ಬದರಿನಾಥ. ಅಲ್ಲಿನ ಇಗರ್ಜಿಯ ಗೋಪುರವನ್ನು ಅವನು ಒಂದೇ ಉಸಿರಿಗೆ ಹತ್ತಿದನಂತೆ. ತುದಿ ಮುಟ್ಟಿದ ಮೇಲೂ ಉಸಿರು ಮಿಕ್ಕಿತ್ತಾದ್ದರಿಂದ ಅದನ್ನೇಕೆ ಹಾಳುಮಾಡುವುದೆಂದು ಬಾಲ್ಟಿಕ್ ಸಮುದ್ರದ ಕಡೆಗೆ ಊದಿದನಂತೆ, ಆಚೆ ದಡದ ಫಿನ್‌ಲೆಂಡಿನಲ್ಲಿ ಒಣಹಾಕಿದ್ದ ಬಟ್ಟೆಗಳೆಲ್ಲ ಹಾರಿಹೋದವಂತೆ.

ಪ್ಯಾರಮಟ್ಟಾ ಟ್ರೇನಿನಲ್ಲಿ, ಟೂಂಗಾಬಿಯ ತರಕಾರಿ ಅಂಗಡಿಯಲ್ಲಿ, ಸ್ಕೋಫೀಲ್ಡ್ಸ್‌ನ ಸತ್ಯನಾರಾಯಣ ಪೂಜೆಗಳಲ್ಲಿ ಎಂಟು ತಿಂಗಳಿಂದ ಈ ಕತೆ ಓಡುತ್ತಿತ್ತು. ಬಟ್ಟೆಯ ಸಂಗತಿಯನ್ನು ಯಾರೂ ನಂಬಲಿಲ್ಲ. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ನಂಬಿದರು. ಬದರಿನಾಥನ ಲೆಕ್ಕಾಚಾರವೂ ಅದೇ ಆಗಿತ್ತು: ಆನೆಯಂಥ ಸುಳ್ಳನ್ನು ಬಾಗಿಲಲ್ಲಿ ಕಟ್ಟಿದರೆ ಒಳಗಿನ ಇಲಿಯನ್ನು ಯಾರೂ ಹುಡುಕುವುದಿಲ್ಲ.

ಆ ಇಲಿ ಇಷ್ಟೇ. ಬದರಿನಾಥ ಟ್ಯಾಲಿನ್ ನೋಡಿಯೇ ಇರಲಿಲ್ಲ.

ಹೋಗಿದ್ದೇನೋ ನಿಜ. ಲಾಕ್‌ಡೌನಿನಲ್ಲಿ ಅವನ ಹೆಂಡತಿ ಅಹಲ್ಯಾ ಸಾವಿರ ತುಂಡಿನ ಜಿಗ್ಸಾ ಚಿತ್ರ ಜೋಡಿಸಿದ್ದಳು. ಅದರಲ್ಲಿ ಮೂಡಿದ ಕೆಂಪು ಚಾವಣಿಗಳ ಊರಿಗೆ ಒಮ್ಮೆ ಹೋಗಲೇಬೇಕೆಂದು ಅವಳಿಗೆ ಆಸೆ ಹತ್ತಿತು. ಬಸ್ಸಿನ ಜೊತೆ ಅಡುಗೆಭಟ್ಟರನ್ನೂ ಕರೆದೊಯ್ಯುವ ಮೆಲ್ಬರ್ನಿನ ಟೂರಿನವರ ಹತ್ತಿರ ಎರಡು ಸೀಟು ಬುಕ್ ಆಯಿತು. ಹೊರಡುವ ವಾರ ಅಹಲ್ಯಾ ಕೆಲಸ ಮಾಡುವ ಚೈಲ್ಡ್‌ಕೇರಿನಲ್ಲಿ ಅವಳ ರಜೆ ರದ್ದಾಯಿತು. "ನೀವಾದ್ರೂ ಹೋಗ್ಬನ್ನಿ ರೀ. ನನ್ನ ಪಾಲಿಂದೂ ಸೇರಿಸಿ ನೋಡ್ಕೊಂಡು ಬನ್ನಿ," ಎಂದು ಅವಳೇ ಏರ್‌ಪೋರ್ಟಿಗೆ ಬಿಟ್ಟು ಬಂದಳು.

ಟ್ಯಾಲಿನ್‌ನಲ್ಲಿ ಇಳಿಯುತ್ತಲೇ ಭಟ್ಟರು ಕುಕ್ಕರುಗಳ ಪೆಟ್ಟಿಗೆ ಎತ್ತಲು ಹೋಗಿ ಸೊಂಟ ಹಿಡಿಸಿಕೊಂಡರು. ಸಿಡ್ನಿಯ ಗಣೇಶೋತ್ಸವದಲ್ಲಿ ಐನೂರು ಜನಕ್ಕೆ ತಾನೊಬ್ಬನೇ ಅಡುಗೆ ಮಾಡಿದ್ದೆನೆಂದು ಬದರಿನಾಥ ಅಷ್ಟರಲ್ಲಾಗಲೇ ವಿಮಾನದ ಮೂರು ಸಾಲಿಗೆ ಹೇಳಿ ಮುಗಿಸಿದ್ದ. ನಿಜವಾಗಿ ಅಲ್ಲಿ ಅವನು ಹತ್ತು ನಿಮಿಷ ಪಾಯಸ ಕದಡಿದ್ದನಷ್ಟೆ. ಮೂವತ್ತಾರು ಜನ ಒಟ್ಟಿಗೆ ಅವನ ಮುಖ ನೋಡಿದರು. ಮುಂದಿನ ನಾಲ್ಕು ದಿನ ಅವರೆಲ್ಲ ಊರು ನೋಡಲು ಹೋದರು, ಅವನು ಹೋಟೆಲಿನ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿದ. ಮಂಚದ ಮೇಲೆ ಮಲಗಿದ್ದ ಭಟ್ಟರು ಫೋನಿನಲ್ಲಿ ಉಪ್ಪಿನ ಅಳತೆ ಹೇಳುತ್ತಿದ್ದರು.

ಹೆಂಡತಿಗೆ ಇದನ್ನು ಹೇಳುವುದು ಹೇಗೆ? ದಿನವೂ ಅವನು ಮಲಗುವ ಹೊತ್ತಿಗೆ ಸಿಡ್ನಿಯಲ್ಲಿ ಬೆಳಗಿನ ಕಾಫಿಯ ಹೊತ್ತು. ಅಹಲ್ಯಾ ಫೋನು ಹಿಡಿದು ಕಾಯುತ್ತಿದ್ದಳು. ಊಟ ಬಡಿಸುವಾಗ ಅವನು ಎಲ್ಲರನ್ನೂ "ಇವತ್ತೇನು ನೋಡಿದ್ರಿ?" ಎಂದು ಕೇಳುತ್ತಿದ್ದ. "ಸೂಪರ್ ಆಗಿತ್ತು, ಇನ್ನೊಂದು ಹಪ್ಪಳ ಹಾಕಿ," ಎನ್ನುವವರೇ ಎಲ್ಲ. ಧಾರವಾಡದ ಕಡೆಯ ಚನ್ನಕ್ಕ ಒಬ್ಬರು ಮಾತ್ರ ತಟ್ಟೆ ಬದಿಗಿಟ್ಟು ಒಂದೊಂದನ್ನೂ ಬಿಡಿಸಿ ಹೇಳುತ್ತಿದ್ದರು. ಕಿಟಕಿಯಲ್ಲಿ ಕೂತು ಪಿಟೀಲು ನುಡಿಸುವ ಮುದುಕ, ಕಲ್ಲಿನ ದಾರಿಯಲ್ಲಿ ಬುಟ್ಟಿ ಹೊತ್ತ ಹೂವಾಡಗಿತ್ತಿ. ಕೊನೆಯ ದಿನ ಹೇಳಿದ್ದು ಬೆಳಕಿನ ಮಾತು: ಹೊತ್ತು ಮುಳುಗುವಾಗ ಸಮುದ್ರವೆಲ್ಲ ಕಾಸಿದ ತುಪ್ಪದ ಹಾಗೆ ಆಗುತ್ತದೆ, ಅದನ್ನು ಮುರಿಯಬಾರದೆಂದು ದೋಣಿಗಳೂ ನಿಂತುಬಿಡುತ್ತವೆ. ಬದರಿನಾಥ ಅದನ್ನೆಲ್ಲ ಬಿಸಿಯಾರುವ ಮೊದಲೇ ಅಹಲ್ಯಾಗೆ ದಾಟಿಸಿದ. ಬೆಳಕಿನ ಮಾತು ಕೇಳಿ ಅವಳು, "ನಾನೂ ನೋಡ್ದಂಗಾಯ್ತು ರೀ," ಎಂದಿದ್ದಳು.

ಅಲ್ಲಿಂದ ಇಲ್ಲಿಯವರೆಗೆ, ಮಕ್ಕಳ ಹಿಂದೆ ಓಡಿ ಸುಸ್ತಾಗಿ ಬಂದ ದಿನವೆಲ್ಲ ಅವಳು ಸೋಫಾದಲ್ಲಿ ಕಾಲು ಚಾಚಿ, "ಆ ಬೆಳಕಿಂದು ಇನ್ನೊಂದ್ಸಲ ಹೇಳ್ರೀ," ಎನ್ನುತ್ತಿದ್ದಳು. ಪ್ರತಿ ಸಲವೂ ಬದರಿನಾಥ ಅವಳ ಮುಖ ನೋಡದೆ ಹೇಳಿ ಮುಗಿಸುತ್ತಿದ್ದ. ಏನೇ ಆದರೂ ಅವಳಿಗೆ ಗೊತ್ತಾಗಬಾರದು, ಅಷ್ಟೆ. ಟೂರಿಗೆ ಬಂದವರೆಲ್ಲ ಮೆಲ್ಬರ್ನಿನವರು. ಅವನು ಮೆಲ್ಬರ್ನಿಗೆ ಹೋಗದಿದ್ದರೆ ಸಾಕಿತ್ತು.

ಆದರೆ ಅಹಲ್ಯಾಳ ಚಿಕ್ಕಪ್ಪನ ಮಗಳು ನೀಲಾಂಬಿಕಾ ಮೆಲ್ಬರ್ನಿನಲ್ಲೇ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಳು. ಶನಿವಾರ ಬೆಳಗಿನ ವಿಮಾನದಲ್ಲಿ ಬೆಲ್ಟ್ ಹಾಕಿಕೊಳ್ಳುತ್ತಾ ಅಹಲ್ಯಾ ಮೆತ್ತಗೆ ಹೇಳಿದಳು: "ನೀಲುಗೆ ಹೇಳ್ಬಿಟ್ಟಿದೀನಿ. ಊಟ ಆದ್ಮೇಲೆ ಎಲ್ರಿಗೂ ನೀವು ಟ್ಯಾಲಿನ್ ಬಗ್ಗೆ ಅರ್ಧ ಗಂಟೆ ಮಾತಾಡ್ತೀರಿ."

"ಗೃಹಪ್ರವೇಶದಲ್ಲಿ ಯಾರಾದ್ರೂ ಭಾಷಣ ಮಾಡ್ತಾರೇನೆ?"

"ಭಾಷಣ ಅಲ್ಲ, ಅನುಭವ. ಅವರ ಟೀವಿ ಎಂಬತ್ತೈದು ಇಂಚಂತೆ."

ವಿಮಾನ ಇಳಿಯುವ ಹೊತ್ತಿಗೆ ಬದರಿನಾಥ ಗಂಟಲು ಕಳೆದುಕೊಂಡಿದ್ದ. ಕೈಸನ್ನೆಯಲ್ಲೇ ಮಾತಾಡುತ್ತಾ ಹೊಸ ಮನೆಯ ಹೊಸ್ತಿಲು ದಾಟಿದ. ಗಂಟಲು ಕೆಟ್ಟವನನ್ನು ಕನ್ನಡಿಗರ ಮನೆಯಲ್ಲಿ ಸುಮ್ಮನೆ ಬಿಡುವವರು ಯಾರು? ಒಬ್ಬರು ಶುಂಠಿ ಜಜ್ಜಿದರು, ಒಬ್ಬರು ಲವಂಗ ತುರುಕಿದರು, ನೀಲಾಂಬಿಕಾ ಕರಿಮೆಣಸಿನ ಕಷಾಯ ಕಾಸಿ ತಂದಳು. ಮೂರನೆಯ ಲೋಟದ ಮೊದಲ ಗುಟುಕಿಗೆ ಬದರಿನಾಥ ಕಿರುಚಿದ ಕಿರುಚು ಪಕ್ಕದ ಊರು ಜೀಲಾಂಗಿನವರೆಗೂ ಕೇಳಿಸಿರಬೇಕು.

"ನೋಡಿ ಭಾವ, ಬಂದೇ ಬಿಡ್ತು ಗಂಟಲು," ಎಂದು ನೀಲಾಂಬಿಕಾ ಹಿಗ್ಗಿದಳು. "ಇನ್ನೊಂದು ಸರ್‌ಪ್ರೈಸ್ ಇದೆ. ಪಕ್ಕದ ಮನೆ ಆಂಟಿನೂ ಟ್ಯಾಲಿನ್‌ಗೆ ಹೋಗಿ ಬಂದಿದಾರಂತೆ. ಅವರನ್ನೂ ಕರ್ದಿದೀನಿ."

ಬದರಿನಾಥ ಲೋಟ ಕೆಳಗಿಟ್ಟವನೇ ಗ್ಯಾರೇಜು ಸೇರಿ ಬಾಗಿಲು ಹಾಕಿಕೊಂಡ. ಅಕ್ಕಿಮೂಟೆಯ ಮೇಲೆ ಕೂತು, ಮಧ್ಯಾಹ್ನದ ವಿಮಾನಕ್ಕೆ ಸೀಟಿದೆಯೇ ಎಂದು ಫೋನಿನಲ್ಲಿ ಹುಡುಕುತ್ತಿದ್ದ. ಅಷ್ಟರಲ್ಲಿ ನೀಲಾಂಬಿಕಾಳ ಗಂಡ ಲಕ್ಷ್ಮೀಶ ಹೊಸ ರಿಮೋಟಿನ ಮಹಿಮೆ ತೋರಿಸಲು ಅತಿಥಿಗಳನ್ನೆಲ್ಲ ಮನೆಯ ಮುಂದೆ ನಿಲ್ಲಿಸಿ ಗುಂಡಿ ಒತ್ತಿದ. ಗ್ಯಾರೇಜಿನ ಬಾಗಿಲು ನಾಟಕದ ಪರದೆಯ ಹಾಗೆ ಗಂಭೀರವಾಗಿ ಮೇಲೆದ್ದಿತು. ಒಳಗೆ ಮೂಟೆಯ ಮೇಲೆ ಬದರಿನಾಥ. ಹೊರಗೆ ಮೂವತ್ತು ಜನ, ಅವರ ಮುಂದೆ ಕೋಲೂರಿಕೊಂಡ ಚನ್ನಕ್ಕ.

"ಅಯ್ಯ, ನೀವಾ?" ಎಂದರು ಚನ್ನಕ್ಕ. ಆಮೇಲೆ ಅವರ ಮುಖವೂ ಯಾಕೋ ಪೆಚ್ಚಾಯಿತು.

ಉಳಿದವರು ಊಟಕ್ಕೆ ನುಗ್ಗಿದಾಗ ಬದರಿನಾಥ ಅವರನ್ನು ಗೋಡೆಯ ಮರೆಗೆ ಕರೆದ. "ಚನ್ನಕ್ಕ, ನಿಮ್ಮ ಕಾಲಿಗೆ ಬೀಳ್ತೀನಿ. ನಾನು ಅಡುಗೆ ಮಾಡಿದ್ದು ನನ್ನ ಹೆಂಡ್ತಿಗೆ ಗೊತ್ತಿಲ್ಲ. ಊರೆಲ್ಲ ನೋಡಿದೆ ಅಂತ ಹೇಳಿದೀನಿ. ನೀವು ಹೇಳಿದ್ದನ್ನೇ ಹೇಳಿದೀನಿ."

"ನಾ ಹೇಳಿದ್ದನ್ನ? ಎಲ್ಲಾನೂ?"

"ಒಂದಕ್ಷರ ಬಿಟ್ಟಿಲ್ಲ."

ಚನ್ನಕ್ಕ ಕೋಲನ್ನು ಇನ್ನೊಂದು ಕೈಗೆ ಬದಲಿಸಿದರು. "ನಾ ಬಾಯಿ ಬಿಡಂಗಿಲ್ಲ ಬಿಡ್ರಿ. ನೀವೂ ಬಿಡಬ್ಯಾಡ್ರಿ." ಅವರು ಯಾಕೆ ಹಾಗೆಂದರೆಂದು ಬದರಿನಾಥನಿಗೆ ಹೊಳೆಯಲಿಲ್ಲ. ಒಳ್ಳೆಯ ಹೆಂಗಸು ಎಂದುಕೊಂಡ.

ಧೈರ್ಯ ಬಂದಿತು. ಊಟದ ಮೇಲೆ ಟೀವಿಯ ಪಕ್ಕ ನಿಂತು ಪಿಟೀಲಿನ ಮುದುಕನಿಗೆ ಕಲ್ಯಾಣಿ ರಾಗ ಕಲಿಸಿದ, ಹೂವಾಡಗಿತ್ತಿಯ ಹತ್ತಿರ ಮೊಳ ಹಾಕಿಸಿ ಹೂ ಕೊಂಡ. ಚನ್ನಕ್ಕ ಮುಂದಿನ ಸಾಲಿನಲ್ಲಿ ಕೂತು "ಹೌದ್ರಿ, ಹೌದ್ರಿ" ಎನ್ನುತ್ತಾ ತಲೆಯಾಡಿಸಿದರು. ಟೂರಿನ ವಾಟ್ಸಾಪ್ ಗುಂಪಿನಿಂದ ಅವನು ಎತ್ತಿಟ್ಟುಕೊಂಡಿದ್ದ ಫೋಟೋಗಳು ಒಂದೊಂದಾಗಿ ಟೀವಿಯ ಮೇಲೆ ಬಂದವು.

"ಬದರಿ ಅವರೇ, ಒಂದ್ರಲ್ಲೂ ನೀವಿಲ್ವಲ್ಲ," ಎಂದ ಲಕ್ಷ್ಮೀಶ.

"ತೆಗೆದವನೇ ನಾನಲ್ವೇನ್ರೀ."

"ಹಾಗಾದ್ರೆ ಆಂಟಿ ಫೋನಲ್ಲಿ ಭಾವ ಇರ್ಲೇಬೇಕು," ಎಂದು ನೀಲಾಂಬಿಕಾ ಚನ್ನಕ್ಕನ ಮಡಿಲಲ್ಲಿದ್ದ ಫೋನಿಗೆ ಕೈ ಹಾಕಿದಳು. ಒಂದೇ ಟೂರಿನವರೆಂದು ಊಟದ ಹೊತ್ತಿಗೆ ಅವಳು ಕೆದಕಿ ತಿಳಿದುಕೊಂಡಿದ್ದಳು.

"ಬ್ಯಾಡ ತಂಗಿ, ಅದು ಕೆಟ್ಟೈತಿ," ಎಂದು ಚನ್ನಕ್ಕ ಎರಡೂ ಕೈಯಲ್ಲಿ ಹಿಡಿದುಕೊಂಡರು. ತನ್ನ ಮಾನ ಕಾಯಲು ಆ ವಯಸ್ಸಿನಲ್ಲಿ ಇಷ್ಟು ಗುದ್ದಾಡುತ್ತಿದ್ದಾರಲ್ಲ ಎಂದು ಬದರಿನಾಥನ ಕಣ್ಣು ತುಂಬಿತು. ಆದರೆ ನೀಲಾಂಬಿಕಾ ಗೆದ್ದಳು.

ಮೊದಲ ಫೋಟೋ ಒಂದು ಸೋಫಾ. ಎರಡನೆಯದು ಅದೇ ಸೋಫಾ, ಇನ್ನೊಂದು ಮಗ್ಗುಲಿಂದ. ಮೂರನೆಯದು ಹೋಟೆಲಿನ ಲಿಫ್ಟು. ನಾಲ್ಕನೆಯದು ಉಪ್ಪಿಟ್ಟಿನ ತಟ್ಟೆ. ಐದನೆಯದರಲ್ಲಿ ಎಂಬತ್ತೈದು ಇಂಚಿನ ತುಂಬ ಬದರಿನಾಥ: ತಲೆಗೆ ಟವೆಲು, ಕೈಯಲ್ಲಿ ಸೌಟು, ಕಣ್ಣಲ್ಲಿ ಈರುಳ್ಳಿಯ ನೀರು.

ಯಾರೂ ನಗಲಿಲ್ಲ. ಅಹಲ್ಯಾ ಕೇಳಿದಳು: "ಇದು ಯಾವತ್ತಿಂದು?"

ಲಕ್ಷ್ಮೀಶ ಓದಿ ಹೇಳಿದ. "ಗುರುವಾರ. ಬೆಳಗ್ಗೆ ಹನ್ನೊಂದು."

"ಗುರುವಾರ ಬೆಳಗ್ಗೆ ನೀವು ಗೋಪುರ ಹತ್ತಿದ್ರಿ."

ಬದರಿನಾಥ ಟೀವಿಯನ್ನು ನೋಡಿದ, ಕಾರ್ಪೆಟ್ಟನ್ನು ನೋಡಿದ, ಕೊನೆಗೆ ಅವಳನ್ನು ನೋಡಿದ. "ಇಲ್ಲ. ನಾಲ್ಕು ದಿನಾನೂ ಅಡುಗೆಮನೆಲಿದ್ದೆ. ಭಟ್ಟರಿಗೆ ಸೊಂಟ ಹಿಡ್ಕೊಂಡಿತ್ತು. ಆದ್ರೆ ನಿನಗೆ ಹೇಳಿದ್ದು ಸುಳ್ಳಲ್ಲ ಅಹಲ್ಯಾ. ನಾನು ನೋಡ್ದೇ ಇದ್ರೂ ಚನ್ನಕ್ಕ ಕಣ್ಣಾರೆ ನೋಡಿದ್ದು. ಬೇಕಾದ್ರೆ ಅವರನ್ನೇ ಕೇಳು."

ಎಲ್ಲರೂ ಚನ್ನಕ್ಕನ ಕಡೆ ತಿರುಗಿದರು. ಅವರು ಸೆರಗು ಸರಿಮಾಡಿಕೊಂಡರು.

"ಮೊದಲನೇ ದಿನಾನ ಆ ಕಲ್ಲಿನ ದಾರ್‍ಯಾಗ ನನ್ನ ಮೊಣಕಾಲು ಕೈಕೊಡ್ತು," ಎಂದರು ನಿಧಾನಕ್ಕೆ. "ಆಮ್ಯಾಲೆ ಎಲ್ಲಿಗೂ ಹೋಗಲಿಲ್ಲ. ಆ ಸೋಫಾದಾಗ ಕುಂತಿದ್ದೆ. ಒಳಗಿಂದ ನಿಮ್ಮ ಒಗ್ಗರಣಿ ವಾಸನಿ ಬರ್ತಿತ್ತು. ಒಂದಿನ ಬಾಗಿಲಾಗ ನಿಂತು ನಿಮಗ ಕಾಣದಂಗ ಫೋಟೋನೂ ಹೊಡಕೊಂಡೆ. ಸಂಜೀಕ ನೀವು ಸಣ್ಣ ಮಾರಿ ಮಾಡ್ಕೊಂಡು ಏನು ನೋಡಿದ್ರಿ ಅಂತ ಕೇಳ್ತಿದ್ರಿ. ಅಷ್ಟು ಮಂದಿಗೆ ಬೇಯಿಸಿ ಹಾಕೂ ಮನಷ್ಯಾಗ ಏನೂ ಇಲ್ಲ ಅನ್ನೂದು ಹ್ಯಾಂಗ್ರಿ? ಹಂಗಾಗಿ ಹೇಳಿದೆ."

"ಪಿಟೀಲಿನ ಮುದುಕ?"

"ಅಂವಾ ಇಲ್ಲ."

"ಹೂವಾಡಗಿತ್ತಿ?"

"ಅಕಿ ನಮ್ಮ ಧಾರವಾಡದ ಮಾರ್ಕೆಟ್ನಾಕಿ."

ಮುಂದಿನದನ್ನು ಕೇಳಲು ಬದರಿನಾಥನಿಗೆ ಧೈರ್ಯವಾಗಲಿಲ್ಲ. ಅಹಲ್ಯಾಳೇ ಕೇಳಿದಳು. "ಆ ಬೆಳಕು, ಆಂಟಿ?"

"ಅದು ಹುಬ್ಬಳ್ಳಿ ಉಣಕಲ್ ಕೆರಿದವ್ವಾ. ನನ್ನ ಲಗ್ನಾದ ವರ್ಷ ನಮ್ಮನಿಯವರು ಸೈಕಲ್ ಮ್ಯಾಲೆ ಕುಂಡ್ರಿಸಿಕೊಂಡು ಹೋಗಿ ತೋರಿಸಿದ್ರು. ಅದಕ್ಕಿಂತ ಛಲೋದು ನನಗ ಗೊತ್ತಿದ್ದಿಲ್ಲ."

ಒಬ್ಬೊಬ್ಬರೇ ಎದ್ದು ಎಲೆಅಡಿಕೆಯ ನೆಪದಲ್ಲಿ ಹಿತ್ತಲ ಕಡೆ ಸರಿದರು. ಲಕ್ಷ್ಮೀಶ ಟೀವಿ ಆರಿಸಿದ. ಬದರಿನಾಥ ಅಹಲ್ಯಾಳ ಪಕ್ಕ, ಸೋಫಾದ ತುದಿಯಲ್ಲಿ, ಬಿದ್ದುಹೋಗುವವನಂತೆ ಕೂತ. ಅವಳು ರೇಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ರೇಗಲಿಲ್ಲ.

"ನಾಲ್ಕು ದಿನ," ಎಂದಳು. "ಆ ಊರಲ್ಲಿ ನೀವೇ, ನಿಮ್ಮ ಕಣ್ಣಲ್ಲೇ, ಏನೂ ನೋಡ್ಲಿಲ್ವಾ? ಒಂದೇ ಒಂದಾದ್ರೂ ಹೇಳಿ. ಅಷ್ಟೇ ಸಾಕು ನನಗೆ."

ಬದರಿನಾಥ ಯೋಚಿಸಿದ. "ಪಾತ್ರೆ ತೊಳೆಯೋಕೆ ಒಬ್ಬಳು ಹೆಂಗಸು ಬರ್ತಿದ್ಲು. ಅವಳು ಒಂದಿನ ಕಿಟಕಿ ಕಡೆ ಕೈ ತೋರಿಸಿದ್ಲು. ಚಾವಣಿಗಳ ಆಚೆ ಒಂದು ಹಳೇ ಗೋಪುರ ಇದೆಯಂತೆ. ಹಿಂದಿನ ಕಾಲದ ಸಿಪಾಯಿಗಳು ಅದರ ಮೇಲೆ ನಿಂತು ಕೆಳಗಿನ ಮನೆಗಳ ಅಡುಗೆಮನೆ ಇಣುಕಿ ನೋಡ್ತಿದ್ರಂತೆ. ಅದರ ಹೆಸರೇ ಹಾಗೇ ಅಂತೆ, ಅಡುಗೆಮನೆ ಇಣುಕೋ ಗೋಪುರ."

ಎಂಟು ತಿಂಗಳಲ್ಲಿ ಆ ಊರಿನ ಬಗ್ಗೆ ಅವನು ಅವಳಿಗೆ ಹೇಳಿದ ಮೊದಲ ನಿಜ ಅದು. ಅಹಲ್ಯಾಳ ಮುಖ ಸ್ವಲ್ಪ ಅರಳಿತು. ಅವಳು ಅವನ ಕಡೆ ಪೂರ್ತಿ ತಿರುಗಿ ಕೂತಳು.

"ಹೇಗಿತ್ತು ರೀ ನೋಡೋಕೆ?"

ಎಪ್ಪತ್ತು ಅಂತಸ್ತಿನ, ಮೋಡ ಕುಟ್ಟುವ, ಬಂಗಾರದ ಕಳಸದ ಗೋಪುರವೊಂದು ಬದರಿನಾಥನ ನಾಲಿಗೆಯ ತುದಿಯವರೆಗೂ ಬಂದು ನಿಂತಿತು. ಅವನು ಅದನ್ನು ನುಂಗಿಕೊಂಡ.

"ತಿರುಗಿ ನೋಡ್ಲಿಲ್ಲ ಕಣೇ," ಎಂದ. "ಬೇಳೆ ತಳ ಹಿಡೀತಾ ಇತ್ತು."