ಹಳದಿ ಕಂಡದ್ದೆಲ್ಲ ಶ್ಯಾವಂತಿಗಿ

ನಮ್ಮ ಬಾಗಲಕೋಟೆಯ ಕಡೆ ಬದುವಿನ ಮೇಲೆ ಹಳದಿ ಹೂವು ಅರಳುವುದು ಎಷ್ಟು ಸಹಜವೋ, ಅದನ್ನು ತಂದು ನನ್ನ ಮೂಗಿಗೆ ಹಿಡಿದು, ಹೆಸರನ್ನೂ ತಾವೇ ಹೇಳಿ ಹೋಗುವವರು ಸಿಗುವುದೂ ಅಷ್ಟೇ ಸಹಜ. ನಾನು ವಿದ್ಯಾಗಿರಿಯ ಒಂದು ಕಾಲೇಜಿನಲ್ಲಿ ಇಪ್ಪತ್ತು ವರ್ಷದಿಂದ ಸಸ್ಯಶಾಸ್ತ್ರ ಕಲಿಸುತ್ತಿದ್ದೇನೆ. ಸೇವಂತಿಗೆ ಕುಟುಂಬದ ಕಾಡುಹೂಗಳನ್ನು ಒಂದರಿಂದ ಒಂದು ಬೇರೆ ಮಾಡಿ ಗುರುತಿಸುವುದು ನನ್ನ ಪಾಠ, ನನ್ನ ಹುಚ್ಚು, ನನ್ನ ಅನ್ನ. ಹೋದ ವರ್ಷ, ಹುಡುಗರು ಕಡಿಮೆಯಾದರು ಎಂದು ವಿಭಾಗವನ್ನೇ ಮುಚ್ಚುವ ಮಾತು ಎದ್ದಿತು. ವಿಭಾಗ ಮುಚ್ಚಿದರೆ ನಾನೂ ಮನೆಗೆ. ಆ ಒಂದು ವರ್ಷ ಈ ಹೂಗಳು ನನ್ನನ್ನು ಅಳಿಸಿದ್ದಕ್ಕಿಂತ ನಗಿಸಿದ್ದೇ ಹೆಚ್ಚು.

ಗರಗದ ಎಣ್ಣೆ

ನಮ್ಮ ಓಣಿಯಲ್ಲಿ ನಿವೃತ್ತ ಗುಮಾಸ್ತರೊಬ್ಬರಿದ್ದಾರೆ. ಎಪ್ಪತ್ತು ದಾಟಿದರೂ ತಲೆಗೂದಲು ಇದ್ದಿಲಿನಷ್ಟು ಕಪ್ಪು. ಅದೆಲ್ಲ ತಾವೇ ಕಾಸಿದ ಗರಗದ, ಅಂದರೆ ಭೃಂಗರಾಜದ, ಸೊಪ್ಪಿನ ಎಣ್ಣೆಯ ಮಹಿಮೆ ಎಂದು ಸಾರಿ, ಓಣಿಗೆಲ್ಲ ಬಾಟಲಿ ಹಂಚುತ್ತಿದ್ದರು. ಒಂದು ಮುಂಜಾನೆ ಸೊಪ್ಪಿನ ಬುಟ್ಟಿ ಹೊತ್ತು ನನ್ನ ಬಾಗಿಲಿಗೆ ಬಂದರು. ಇದು ಅಸಲಿ ಗರಗ ಎಂದು ನಾನು ಬರೆದುಕೊಡಬೇಕಂತೆ.

ಗರಗದ ಹೂವು ಪುಟ್ಟದು, ಬಿಳಿಯದು. ದಂಟು ಹಿಸುಕಿದರೆ ರಸ ನೋಡನೋಡುತ್ತಲೇ ಕಪ್ಪಾಗುತ್ತದೆ. ಬುಟ್ಟಿಯಲ್ಲಿದ್ದದ್ದು ಉದ್ದ ದಂಟಿನ, ನಡುವೆ ಹಳದಿ ಇರುವ, ಬದುವಿನ ಕಸವಾದ ಗಬ್ಬು ಶ್ಯಾವಂತಿಗಿ. ಅವರೆದುರೇ ಹಿಸುಕಿ ತೋರಿಸಿದೆ.

"ಕಾಕಾ, ಇದು ಗರಗ ಅಲ್ರಿ. ನೋಡ್ರಿ, ಎಲ್ಲಿ ಕರ್ರಗ ಆತು?"

"ಮೊಬೈಲಿನ್ಯಾಗ ಫೋಟೋ ಹಾಕಿ ಕೇಳೀನವ್ವಾ. ಗರಗ ಅಂತ ಹೇಳೇತಿ."

"ಮೊಬೈಲ್ ಏನರೆ ಹೇಳಲಿ, ಈ ಎಣ್ಣಿಲೆ ನಿಮ್ಮ ಕೂದಲಾ ಹೆಂಗ ಕರ್ರಗ ಆದುವ್ರಿ?"

ಅವರು ಅತ್ತಿತ್ತ ನೋಡಿ ದನಿ ಇಳಿಸಿದರು. "ನಾ ಡೈ ಹಚ್ಕೋತೇನಿ. ಎಣ್ಣಿ ಮಂದಿಗೆ."

ಐದು ಊರಿನ ಹೂವು

ವಿಭಾಗ ಉಳಿಯಬೇಕಾದರೆ ಹುಡುಗರು ಬಯಲಿಗೆ ಇಳಿಯಬೇಕು ಎಂದು ಹುಮ್ಮಸ್ಸಿನಿಂದ ಒಂದು ಕೆಲಸ ಕೊಟ್ಟೆ. ಸೇವಂತಿಗೆ ಕುಟುಂಬದ ಐದು ಬೇರೆ ಬೇರೆ ಕಾಡುಹೂಗಳನ್ನು ಒಣಗಿಸಿ, ಹಾಳೆಗೆ ಅಂಟಿಸಿ ತರಬೇಕು. ಒಬ್ಬ ಹುಡುಗಿ ಎಲ್ಲರಿಗಿಂತ ಮೊದಲು ತಂದಳು. ಹಾಳೆ ಅಚ್ಚುಕಟ್ಟು, ಅಕ್ಷರ ಮುತ್ತಿನಂಥದು. ಆದರೆ ಐದು ಹಾಳೆಯಲ್ಲೂ ಅದೇ ಗಬ್ಬು ಶ್ಯಾವಂತಿಗಿ.

"ಏನವಾ ಇದು? ಐದೂ ಒಂದ ಹೂ ಅಲ್ಲೇನು?"

"ಅಲ್ರಿ ಮೇಡಂ! ಒಂದು ಬಾದಾಮಿದು, ಒಂದು ಬೇವೂರದು, ಒಂದು ಅಮೀನಗಡದ್ದು, ಒಂದು ಹುನಗುಂದದ್ದು, ಒಂದು ಇಳಕಲ್ಲದು. ಬೇಕಾರ ಬಸ್ಸಿನ ಟಿಕೆಟ್ ಹಚ್ಚೀನಿ, ನೋಡ್ರಿ."

ನಿಜ. ಪ್ರತಿ ಹೂವಿನ ಪಕ್ಕದಲ್ಲೂ ಸಾಕ್ಷಿಗೆ ಒಂದು ಟಿಕೆಟ್. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ಟುಗಳು.

"ಮಾರ್ಕ್ಸ್ ಎಷ್ಟು ಹಾಕ್ತೀರಿ ಮೇಡಂ?" ಎಂದು ಆಸೆಯಿಂದ ಕೇಳಿದಳು.

"ಟಿಕೆಟಿನ ಮ್ಯಾಲೆ ಬರದೈತಲ್ಲವಾ," ಎಂದೆ.

ಸಾಹೇಬರ ಬುತ್ತಿ

ನಮ್ಮ ಪ್ರಾಚಾರ್ಯರು ವಾಣಿಜ್ಯದವರು. ಅವರ ಕಣ್ಣಿಗೆ ಗಿಡದಲ್ಲಿ ಎರಡೇ ಜಾತಿ, ಕುಂಡದಲ್ಲಿರುವುದು ಮತ್ತು ಕಿತ್ತು ಒಗೆಯಬೇಕಾದದ್ದು. ಒಂದು ಮಧ್ಯಾಹ್ನ ವಿಭಾಗ ಉಳಿಸಿ ಎಂದು ಕೇಳಲು ಹೋದಾಗ ಊಟಕ್ಕೆ ಕೂತಿದ್ದರು.

"ಮೇಡಂ, ಸಿಟ್ಟಾಗಬ್ಯಾಡ್ರಿ," ಎಂದರು ರೊಟ್ಟಿ ಮುರಿಯುತ್ತ. "ಈ ಶ್ಯಾವಂತಿಗಿ ಜಾತಿ ಹೂವಿನಿಂದ ಮನುಷ್ಯಾಗ ಏನರೆ ಉಪಯೋಗ ಐತೇನ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. "ಸರ್, ನೀವು ರೊಟ್ಟಿಗೆ ಹಚ್ಕೊಂಡದ್ದು ಗುರೆಳ್ಳ ಚಟ್ನಿ. ಗುರೆಳ್ಳು ಅದ ಕುಟುಂಬದ್ದು. ಮ್ಯಾಲೆ ಹಾಕ್ಕೊಂಡದ್ದು ಕುಸುಬಿ ಎಣ್ಣಿ. ಕುಸುಬಿನೂ ಅದ ಕುಟುಂಬದ್ದು."

ಅವರು ಕೈಯಲ್ಲಿದ್ದ ತುತ್ತನ್ನು ತಿರುಗಿಸಿ ನೋಡಿದರು. ಗೆದ್ದೆ ಅಂದುಕೊಂಡೆ.

"ಹಂಗಂದ್ರ ಇದು ಅಡಿಗಿ ವಿಷಯ ಆತಲ್ರಿ," ಎಂದರು. "ಗೃಹವಿಜ್ಞಾನಕ್ಕ ಸೇರಿಸಿಬಿಡೋಣು."

ದವನದ ಹಾರ

ಕೊನೆಗೆ ಸಮಿತಿ ಬರುವ ದಿನ ಬಂತು. ವಿಭಾಗ ಇರಬೇಕೋ ಬೇಡವೋ ಎಂದು ಆ ಸಮಿತಿಯೇ ಬರೆದುಕೊಡುವುದು. ಅಧ್ಯಕ್ಷರು ದಕ್ಷಿಣದ ಕಡೆಯ ದೊಡ್ಡ ಸಸ್ಯಶಾಸ್ತ್ರಜ್ಞರು. ಸೇವಂತಿಗೆ ಕುಟುಂಬದ ಮೇಲೆ ದಪ್ಪ ಪುಸ್ತಕ ಬರೆದವರು.

ಕಾಲೇಜಿನ ಹಿಂದೆ ನಾನು ಔಷಧಿ ಗಿಡಗಳ ಮಡಿ ಮಾಡಿ, ಅದರಲ್ಲಿ ದವನವನ್ನೂ ಹಾಕಿದ್ದೆ. ಸಮಿತಿ ಬರುವ ಮೊದಲಿನ ಒಂದು ತಿಂಗಳು ಪರೀಕ್ಷೆಯ ಕೆಲಸಕ್ಕೆಂದು ಇಳಕಲ್ಲಿಗೆ ಹೋಗಿದ್ದೆ. ಅಷ್ಟರಲ್ಲಿ ನೀರಿಲ್ಲದೆ ದವನ ಒಣಗಿ ಹೋಗಿತ್ತು. ಅದೇ ಮಡಿಯಲ್ಲಿ ಪಾರ್ಥೇನಿಯಂ ಕಸ ಸೊಂಪಾಗಿ ಎದ್ದು ನಿಂತಿತ್ತು. ಎರಡರದೂ ಸೀಳುಸೀಳು ಎಲೆ. 'ದವನ' ಎಂದು ನಾನು ಬರೆದ ಬೋರ್ಡು ಮಾತ್ರ ಅಲ್ಲಾಡದೆ ನಿಂತಿತ್ತು. ಪ್ರಾಚಾರ್ಯರು ಬೋರ್ಡು ಓದಿದರು, ಮಾಲಿಯಿಂದ ಕೊಯ್ಯಿಸಿದರು, ಸೇವಂತಿಗೆಯ ನಡುನಡುವೆ ಸೇರಿಸಿ ಅಧ್ಯಕ್ಷರಿಗೆಂದು ಮಾರುದ್ದದ ಹಾರ ಕಟ್ಟಿಸಿದರು.

ಇಳಕಲ್ಲಿನಿಂದ ನೇರ ಸಮಾರಂಭಕ್ಕೆ ಬಂದವಳು ತಟ್ಟೆಯಲ್ಲಿದ್ದ ಹಾರ ಕಂಡು ಓಡಿದೆ. ಪ್ರಾಚಾರ್ಯರ ಕಿವಿಯಲ್ಲಿ ಹೇಳಿದೆ, "ಸರ್, ಅದು ದವನ ಅಲ್ರಿ!"

"ಬೋರ್ಡ್ ಯಾರು ಬರದದ್ದು?"

"ನಾನ್ರಿ."

"ಮತ್ತ?" ಎಂದು ಹೋಗಿ ಹಾರ ಹಾಕಿಯೇಬಿಟ್ಟರು.

ಅಧ್ಯಕ್ಷರು ಹಾರವನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದರು. "ಆಹಾ! ದವನವನ್ನು ನಾನು ಕಣ್ಣು ಕಟ್ಟಿದರೂ ಗುರುತಿಸಬಲ್ಲೆ," ಎಂದು ಮೈಕಿನಲ್ಲಿ ಹೇಳಿದರು. ಸಭೆ ಚಪ್ಪಾಳೆ ತಟ್ಟಿತು. ಅಭಿಮಾನದಿಂದ ಹಾರ ತೆಗೆಯದೆಯೇ ಅರ್ಧ ತಾಸು ಮಾತನಾಡಿದರು. ಮೊದಲು ಕುತ್ತಿಗೆ ಕೆರೆದುಕೊಂಡರು, ಆಮೇಲೆ ಗದ್ದ, ಆಮೇಲೆ ಎರಡೂ ಕೈಯಿಂದ. ಸೀನು ಶುರುವಾದ ಮೇಲೆ ಭಾಷಣ ನಿಂತಿತು.

ಅವರನ್ನು ನಮ್ಮ ವಿಭಾಗದ ಕೋಣೆಯಲ್ಲಿ ಕೂರಿಸಿ, ತಣ್ಣೀರಿನ ವಸ್ತ್ರ ಕೊಟ್ಟೆ. ಪಾಪ ಅನ್ನಿಸಿತು. ನನ್ನ ನೌಕರಿ ಮುಗಿಯಿತು ಅಂತಲೂ ಅನ್ನಿಸಿತು. ಅವರು ಬಾಗಿಲು ಮುಚ್ಚಿ, ಕೆಂಪಗೆ ಊದಿದ ಮುಖದಿಂದ ಮೆಲ್ಲಗೆ ಕೇಳಿದರು.

"ಮೇಡಂ, ಅದು ದವನ ಅಲ್ಲ, ಅಲ್ವಾ?"

"ಅಲ್ರಿ ಸರ್. ಪಾರ್ಥೇನಿಯಂ."

"ಇದು ಬೇರೆ ಯಾರಿಗಾದರೂ ಗೊತ್ತಾ?"

"ಇಲ್ರಿ. ಪ್ರಾಚಾರ್ಯರು ಬೋರ್ಡನ್ನ ನಂಬ್ಯಾರ. ಈ ಕಾಲೇಜಿನ್ಯಾಗ ಅದನ್ನ ಗುರುತು ಹಿಡಿಯಾಕಿ ನಾ ಒಬ್ಬಾಕೀನ. ವಿಭಾಗ ಇದ್ರ ಪಾಠದಾಗ ಮುಳುಗಿರ್ತೇನ್ರಿ, ಯಾರ ಜೋಡಿ ಮಾತಾಡಾಕೂ ಪುರಸೊತ್ತಿರಂಗಿಲ್ಲ. ಮುಚ್ಚಿದ್ರ ನನಗೇನು ಕೆಲಸರಿ ಸರ್? ಊರೂರು ತಿರುಗಿ ಇದನ್ನ ಹೇಳೋದಷ್ಟ."

ಅವರು ಮೂಗು ಒರೆಸಿಕೊಂಡು ಪೆನ್ನು ತೆಗೆದರು. ವರದಿಯನ್ನು ಅಲ್ಲೇ ನನ್ನೆದುರೇ ಬರೆದರು: 'ಈ ಕಾಲೇಜಿಗೆ ಸಸ್ಯಶಾಸ್ತ್ರದ ಅವಶ್ಯಕತೆ ಎಷ್ಟಿದೆ ಎಂಬುದು ಸಮಿತಿಯ ಸ್ವಂತ ಅನುಭವಕ್ಕೆ ಬಂದಿದೆ.'