ತುಪ್ಪದ ತಗಾದೆ

ನಮ್ಮ ಜೆಪ್ಪುವಿನಲ್ಲಿ ಸಾಲಗಾರರನ್ನು ಗುರುತು ಹಿಡಿಯುದು ಬಹಳ ಸುಲಭ ಮಾರಾಯ್ರೆ! ಸಂಜೆ ಹೊತ್ತಿಗೆ ನಮ್ಮ ಓಣಿಯ ಬಾಯಲ್ಲಿ ಸುಮ್ಮನೆ ನಿಂತುಕೊಳ್ಳಿ. ಯಾರ ಸೊಂಟದಲ್ಲಿರುವ ಮಗು ಮದುವೆಗೆ ಹೊರಟ ಹಾಗೆ ಫಳಫಳ ಹೊಳೀತಾ ಉಂಟೋ, ಅವರು ತಿಂಗಳ ದುಡ್ಡು ಬಾಕಿ ಇಟ್ಟಿದ್ದಾರೆ ಅಂತ ತಿಳ್ಕೊಳ್ಳಿ. ಮೂಗು ಸುರಿಸಿಕೊಂಡು ಹೋಗುವ ಮಗುವಿನ ಅಪ್ಪ ಅಮ್ಮ ಮಾತ್ರ ಪರಮ ಪ್ರಾಮಾಣಿಕರು!

ಇದು ನನ್ನ ಮಾವ್ಶಿಯ ಏರ್ಪಾಡು. ಮಾವ್ಶಿ ಅಂದ್ರೆ ನನ್ನ ಅಮ್ಮನ ಅಕ್ಕ. ಓಣಿಯವರಿಗೆಲ್ಲ ಬಾಯಮ್ಮ. ಮದುವೆ ಆಗ್ಲಿಲ್ಲ, ಸ್ವಂತ ಮಕ್ಕಳಿಲ್ಲ. ಆದ್ರೆ ಅವಳ ಜಗಲಿಯಲ್ಲಿ ಹಗಲು ಕಾಲಿಡ್ಲಿಕ್ಕೆ ಜಾಗ ಇರುದಿಲ್ಲ. ಆಸ್ಪತ್ರೆಯ ನರ್ಸು, ಶಾಲೆಯ ಟೀಚರು, ಹೆಂಚಿನ ಕಾರ್ಖಾನೆಗೆ ಹೋಗುವ ಹೆಂಗಸರು, ಎಲ್ಲರೂ ಬೆಳಿಗ್ಗೆ ಮಕ್ಕಳನ್ನು ಅಲ್ಲಿ ಇಳಿಸಿ ಓಡುದು, ಸಂಜೆ ಬಂದು ಎತ್ತಿಕೊಂಡು ಹೋಗುದು. ತಿಂಗಳಿಗೆ ಇಷ್ಟು ಕೊಡ್ತೇವೆ ಅಂತ ಮಾತು. ಮಾತು ಏನೋ ಚಂದವೇ! ಆದ್ರೆ ತಿಂಗಳು ಮುಗಿದ ಕೂಡ್ಲೆ ಎಲ್ಲರಿಗೂ ಒಟ್ಟಿಗೆ ಮರೆವಿನ ರೋಗ ಬರ್ತಿತ್ತು. ಮಾವ್ಶಿಯ ಮನೆ ನಡೆಯುದು ಅದೇ ದುಡ್ಡಿನಲ್ಲಿ.

ನಾನು ಆಗ ಅವಳ ಮನೆಯಲ್ಲಿದ್ದುಕೊಂಡು ಕೆಲಸ ಹುಡುಕ್ತಿದ್ದೆ. ಹುಡುಕುದು ಅಂದ್ರೆ, ಊಟ ಮಾಡಿ ಮಲಗುದು, ಎದ್ದು ಸಲಹೆ ಕೊಡುದು.

"ಮಾವ್ಶಿ, ಬಾಯಿ ಬಿಟ್ಟು ಕೇಳ್ಬಾರ್ದಾ?"

"ಛೀ! ಮಗುವನ್ನು ಎತ್ತಿಕೊಂಡು ನಿಂತವರ ಹತ್ರ ದುಡ್ಡು ಕೇಳುದಾ? ತನ್ನನ್ನು ಅಡವಿಟ್ಟಿದ್ದಾರೆ ಅಂತ ಆ ಮಗು ತಿಳ್ಕೊಳ್ತದೆ."

"ಅದಕ್ಕೆ ಎಂತ ತಿಳೀತದೆ? ಹೆಬ್ಬೆರಳು ಚೀಪ್ತಾ ಉಂಟು."

"ನೀನೂ ಚೀಪ್ತಿದ್ದೆ ಪುತಾ. ಆಗ ನಿನಗೆ ಎಲ್ಲ ತಿಳೀತಿತ್ತು. ಈಗಲೇ ಸ್ವಲ್ಪ ಕಡಿಮೆ ಆದದ್ದು."

ಹಾಗಾಗಿ ಮಾವ್ಶಿ ಬೇರೆ ದಾರಿ ಹಿಡಿದಳು. ದುಡ್ಡು ತಡ ಆದಷ್ಟೂ ಮಗುವಿಗೆ ಉಪಚಾರ ಜಾಸ್ತಿ! ಮೊದಲು ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆಯುದು. ಅದಕ್ಕೂ ಬಗ್ಗದಿದ್ರೆ ಮುಖಕ್ಕೆ ಪೌಡರು. ಆಮೇಲೆ ಜುಟ್ಟಿಗೆ ಮಲ್ಲಿಗೆ, ಗಂಡು ಹೆಣ್ಣು ಅಂತ ಭೇದ ಇಲ್ಲ. ಕಡೆಯ ಅಸ್ತ್ರ ತುಪ್ಪ! ಮಧ್ಯಾಹ್ನದ ಗಂಜಿಗೆ ಚಮಚ ತುಂಬ ತುಪ್ಪ. ಅದನ್ನು ಉಂಡ ಮಗು ಮನೆಗೆ ಹೋಗಿ ಬರೀ ಗಂಜಿ ಮುಟ್ಟುದಿಲ್ಲ, ರಂಪ ಮಾಡ್ತದೆ. ಮರುದಿನ ಅಪ್ಪ ಅಮ್ಮ ತಲೆ ತಗ್ಗಿಸಿಕೊಂಡು ದುಡ್ಡು ತರ್ತಾರೆ. ಬಂದ ದುಡ್ಡು ತುಪ್ಪಕ್ಕೂ ಪೌಡರಿಗೂ ಸಾಕಾಗ್ತಿತ್ತಾ? ಅದು ಮಾತ್ರ ಕೇಳ್ಬೇಡಿ!

ಕೋರ್ಟಿನ ಗುಮಾಸ್ತರೊಬ್ಬರು ಇದ್ರು. ಬಹಳ ಗತ್ತಿನ ಜನ. "ನಾಳೆ ಕೊಡ್ತೇನೆ ಬಾಯಮ್ಮ" ಅಂತ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹೇಳಿ ಆಗಿತ್ತು. ಒಂದು ಸಂಜೆ ಅವರ ಮಗ ಮಲ್ಲಿಗೆ ಮುಡಿದುಕೊಂಡು, ಯಕ್ಷಗಾನದ ಸ್ತ್ರೀವೇಷದ ಹಾಗೆ ತಯಾರಾಗಿ ಕೂತಿದ್ದ. ಅವನನ್ನು ಎತ್ತಿಕೊಂಡು ಗುಮಾಸ್ತರು ಬಸ್ಸು ಹತ್ತಿದ್ರೆ ಎದುರಿಗೇ ಅವರ ದೊಡ್ಡ ಸಾಹೇಬರು! ಸಾಹೇಬರು ಮಗುವನ್ನು ನೋಡಿದ್ರು, ಮಲ್ಲಿಗೆಯನ್ನು ನೋಡಿದ್ರು, ಮೆಲ್ಲ ಬಗ್ಗಿ ಕೇಳಿದ್ರಂತೆ, "ಎಂತ ಗುಮಾಸ್ತರೇ, ಎಷ್ಟು ತಿಂಗಳದ್ದು ಬಾಕಿ?"

ಗುಮಾಸ್ತರು ಮುಂದಿನ ಸ್ಟಾಪಿನಲ್ಲೇ ಇಳಿದು ವಾಪಸು ಬಂದ್ರು. ದುಡ್ಡು ಕಿಸೆಯಲ್ಲೇ ಇತ್ತು ನೋಡಿ!

ಇನ್ನೊಂದು ಕಥೆ ಟೀಚರದ್ದು. ಅವರು ತಪ್ಪದೆ ಒಂದನೇ ತಾರೀಕಿಗೆ ಕೊಡುವವರು. ಒಂದು ದಿನ ಮುಖ ಊದಿಸಿಕೊಂಡು ಬಂದ್ರು.

"ಬಾಯಮ್ಮ, ನನ್ನ ಮಗಳು ಮಾತ್ರ ಬಂದ ಹಾಗೇ ವಾಪಸು ಬರುದು ಎಂತಕ್ಕೆ? ಒಂದು ದಿನ ಆದ್ರೂ ಪೌಡರು ಉಂಟಾ?"

"ಸಾಲ ಇಲ್ಲದವರಿಗೆ ಶೃಂಗಾರ ಇಲ್ಲ ಟೀಚರೇ."

ಮುಂದಿನ ತಿಂಗಳು ಟೀಚರದ್ದು ದುಡ್ಡೇ ಇಲ್ಲ! ಮಾವ್ಶಿಗೆ ಆಶ್ಚರ್ಯ. ಆದ್ರೂ ನಿಯಮ ನಿಯಮವೇ. ಎಣ್ಣೆ, ಪೌಡರು, ಮಲ್ಲಿಗೆ ಎಲ್ಲ ಕ್ರಮವಾಗಿ ನಡೀತು. ಮಗು ಗೊಂಬೆಯ ಹಾಗೆ ಆಯ್ತು. ಟೀಚರು ಅದನ್ನು ಹಾಗೇ ಎತ್ತಿಕೊಂಡು ದೇರೆಬೈಲಿಗೆ ತಂಗಿಯ ಮದುವೆಗೆ ಹೋದ್ರು. ಮದುವೆ ಮುಗಿಸಿ ಬಂದು, ನಗ್ತಾ ನಗ್ತಾ ಪೂರಾ ದುಡ್ಡು ಎಣಿಸಿದ್ರು!

"ಇವಳು ನನ್ನ ಕೈಯಲ್ಲೇ ಮದುವೆ ತಯಾರಿ ಮಾಡಿಸಿದಳಲ್ಲ ಪುತಾ!" ಅಂತ ಮಾವ್ಶಿ ಒಂದು ವಾರ ಬೊಬ್ಬೆ ಹೊಡೆದಳು.

ಹೀಗೆ ಗಮ್ಮತ್ತಿನಲ್ಲಿ ನಡೀತಾ ಇತ್ತು, ಲೀಲಕ್ಕನ ಸರದಿ ಬರುವವರೆಗೆ.

ಲೀಲಕ್ಕ ಹೆಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುವವಳು. ಗಂಡ ಬೊಂಬಾಯಿಯ ಹೋಟೆಲಿನಲ್ಲಿ. ಅವನ ಮನಿಯಾರ್ಡರ್ ಬಂದ ದಿನವೇ ಓಡಿ ಬಂದು ಕೊಡ್ತಿದ್ದಳು. ಆ ಸಲ ದುಡ್ಡು ಬರ್ಲಿಲ್ಲ. ಅವಳ ಮಗ ಬಾಬುವಿಗೂ ಎಣ್ಣೆ ಆಯ್ತು, ಪೌಡರು ಆಯ್ತು, ಕಡೆಗೆ ತುಪ್ಪವೂ ಆಯ್ತು. ಲೀಲಕ್ಕ ಮಗನನ್ನು ಎತ್ತಿಕೊಂಡು ಹೋದಳು. ಮರುದಿನ ಬರ್ಲೇ ಇಲ್ಲ.

"ಮಗುವಿಗೆ ಶೀತ ಇರ್ಬೇಕು" ಅಂದಳು ಮಾವ್ಶಿ. ಅದರ ಮರುದಿನ, "ಲೀಲಳಿಗೆ ರಜೆ ಇರ್ಬೇಕು" ಅಂದಳು. ಮೂರನೇ ದಿನ ಊಟದ ಬಟ್ಟಲು ಮುಂದೆ ಇಟ್ಟುಕೊಂಡು ಓಣಿ ನೋಡ್ತಾ ಕೂತಳು.

ಅಷ್ಟರಲ್ಲಿ ಡ್ಯೂಟಿ ಮುಗಿಸಿ ಬಂದ ನರ್ಸು ಹೇಳಿದ್ರು, "ಲೀಲನಾ? ಈಗ ಕಾರ್ಖಾನೆಯ ಗೇಟಿನಲ್ಲಿ ನೋಡಿದೆನಲ್ಲ, ಮಣ್ಣು ಹೊರ್ತಾ ಇದ್ದಳು."

ಅವಳು ಕೆಲಸದಲ್ಲಿದ್ರೆ ಮಗು ಎಲ್ಲಿ?

ಮಾವ್ಶಿಯ ಮುಖ ಸುಣ್ಣದ ಹಾಗೆ ಆಯ್ತು. "ಅವಳ ಕೋಣೆಯ ಹಿಂದೆ ಕಟ್ಟೆ ಇಲ್ಲದ ಬಾವಿ ಉಂಟು ಪುತಾ."

ನರ್ಸನ್ನು ಜಗಲಿಯಲ್ಲಿ ಮಕ್ಕಳ ಮಧ್ಯೆ ಕೂರಿಸಿ ಇಬ್ಬರೂ ಓಡಿದ್ದೇ! ಚರ್ಚಿಗೆ ಬಿಟ್ಟು ಬೇರೆ ಎಲ್ಲಿಗೂ ಹೋಗದ ಮಾವ್ಶಿ, ಚಪ್ಪಲಿ ಮರೆತು, ನನಗಿಂತ ಮುಂದೆ! ಕೋಣೆಗೆ ಬೀಗ. ಬಾವಿಗೆ ಬಗ್ಗಿ ನೋಡಿದೆವು. ಒಂದು ಕಪ್ಪೆ, ನಮ್ಮಿಬ್ಬರ ಮುಖ, ಅಷ್ಟೇ. ಮಾವ್ಶಿ "ದೇವಾ, ದೇವಾ" ಅಂತ ಕಾರ್ಖಾನೆಯ ಕಡೆ ತಿರುಗಿದಳು.

ಅಲ್ಲಿ, ಹೆಂಚು ಒಣಗಿಸುವ ಶೆಡ್ಡಿನ ಹಿಂದೆ, ತೆಂಗಿನ ಮರದ ನೆರಳಿನಲ್ಲಿ ಬಾಬು ಸಿಕ್ಕಿದ. ಸೊಂಟಕ್ಕೆ ಹಳೇ ಸೀರೆಯ ತುಂಡು, ಅದರ ಇನ್ನೊಂದು ಕೊನೆ ಮರಕ್ಕೆ. ತಲೆಯಿಂದ ಕಾಲಿನವರೆಗೆ ಜೇಡಿ ಮಣ್ಣು. ಕಣ್ಣು ಎರಡು ಮಾತ್ರ ಕಾಣ್ತಿತ್ತು. ಮಾವ್ಶಿ ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟಳು. ಬಾಬು ಬಹಳ ಖುಷಿಯಾಗಿ ಒಂದು ಮುಷ್ಟಿ ಮಣ್ಣು ಅವಳ ಬಾಯಿಗೆ ತುರುಕಿದ!

ಲೀಲಕ್ಕ ತಲೆಯ ಬುಟ್ಟಿ ಬಿಸಾಡಿ ಓಡಿ ಬಂದಳು. "ಬಾಯಮ್ಮ, ಮನಿಯಾರ್ಡರ್ ಬಂದ ಕೂಡ್ಲೆ ಕೊಡ್ತೇನೆ."

ಮಾವ್ಶಿ ಮಣ್ಣು ಉಗುಳಿದಳು. "ದುಡ್ಡು ಯಾರು ಕೇಳಿದ್ದು? ಒಂದು ದಿನ ಆದ್ರೂ ನಾನು ಕೇಳಿದ್ದೇನಾ?"

"ಕೇಳ್ಬಹುದಿತ್ತಲ್ಲ!" ಅಂದಳು ಲೀಲಕ್ಕ. "ಕೇಳಿದ್ರೆ ಇಲ್ಲ ಅಂತ ಹೇಳ್ತಿದ್ದೆ. ನೀವು ಬೈತಿದ್ರಿ. ಅಲ್ಲಿಗೆ ಮುಗೀತಿತ್ತು. ಅವತ್ತು ಇವ ನಾನು ಕೊಟ್ಟ ಗಂಜಿ ಬಟ್ಟಲು ದೂಡಿಬಿಟ್ಟ ಬಾಯಮ್ಮ. ತುಪ್ಪ ಬೇಕಂತೆ. ನಾನು ಎಲ್ಲಿಂದ ತರುದು?"

ಮಾವ್ಶಿ ಸೆರಗಿನಲ್ಲಿ ಬಾಯಿ ಒರೆಸಿದಳು, ಪುನಃ ಒರೆಸಿದಳು. ಆಮೇಲೆ ಪರೀಕ್ಷೆಗೆ ನಿಂತ ಮಕ್ಕಳ ಹಾಗೆ, ಸಣ್ಣ ಸ್ವರದಲ್ಲಿ ಕೇಳಿದಳು.

"ಲೀಲಾ, ಈ ತಿಂಗಳ ದುಡ್ಡು ಉಂಟಾ?"

"ಇಜ್ಜಿ ಬಾಯಮ್ಮ. ಇಲ್ಲ."

"ಯಾವಾಗ ಬರ್ತದೆ?"

"ಗೊತ್ತಿಲ್ಲ."

"ಸರಿ. ಮಗುವನ್ನು ಕೊಡು."

ಲೀಲಕ್ಕ ಒಮ್ಮೆ ಜೋರಾಗಿ ಉಸಿರು ಬಿಟ್ಟಳು. ಮತ್ತೆ ನಕ್ಕಳು. ಇಬ್ಬರೂ ತೆಂಗಿನ ಮರದ ಬುಡಕ್ಕೆ ಬಗ್ಗಿದ್ರು. ಒದ್ದೆ ಸೀರೆಯ ಗಂಟು ಬಿಗಿದು ಹೋಗಿತ್ತು.

"ಎಂತ ಗಂಟು ಹಾಕಿದ್ದು ಮಾರಾಯ್ತಿ, ಹಡಗು ಕಟ್ಲಿಕ್ಕಾ?"

"ನೀವು ಆ ಕಡೆಯಿಂದ ಎಳೀರಿ ಬಾಯಮ್ಮ, ನಾನು ಈ ಕಡೆ ಹಿಡೀತೇನೆ."

ಬಾಬು ಇಬ್ಬರ ತಲೆಗೂ ಒಂದೊಂದು ಮುಷ್ಟಿ ಮಣ್ಣು ಮೆತ್ತಿದ. ಇಬ್ಬರೂ ಬೇಡ ಅನ್ಲಿಲ್ಲ.