ಪಕ್ಕದ ಮನೆಯ ಸ್ಪೀಕರಿನ ಉಪಚಾರ

ನಾವು ವಿಜಯನಗರಕ್ಕೆ ಬಂದಾಗಿನಿಂದ ಪಕ್ಕದ ಮನೆಯ ಸ್ಪೀಕರುಗಳಿಗೆ ಏನಾದರೊಂದು ಉಪಚಾರ ನಡೆಯುತ್ತಲೇ ಇದೆ. ರೈಲ್ವೆಯಿಂದ ನಿವೃತ್ತರಾದ ಆ ಮನೆಯ ಯಜಮಾನರಿಗೆ ಸಂಗೀತವೆಂದರೆ ಪ್ರಾಣ. ಅವರ ಹೆಂಡತಿ ವೀಣೆ ಟೀಚರ್. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಲೇ, ಹಾಲ್‌ನಲ್ಲಿ ಕೂತ ಶಿಷ್ಯೆಯ ವೀಣೆಯಲ್ಲಿ ಯಾವ ತಂತಿ ಇಳಿದಿದೆ ಎಂದು ಹೇಳಬಲ್ಲವರು. ಅಂಥವರ ಬಾಯಿಂದ "ಚೆನ್ನಾಗಿದೆ" ಎನ್ನಿಸಿಕೊಳ್ಳಬೇಕು ಎನ್ನುವುದೊಂದೇ ಯಜಮಾನರ ಆಸೆ. ಆಕೆಗೋ ಸುಳ್ಳು ಹೇಳಲು ಬರುವುದಿಲ್ಲ.

ದಪ್ಪ ವೈರು

ಮೊದಲು ಬಂದದ್ದು ಹೆಬ್ಬೆರಳು ಗಾತ್ರದ ವೈರು. ಹಳೆಯದನ್ನು ಕಿತ್ತು ಅದನ್ನು ಹಾಕಿದರು. ನನ್ನನ್ನೂ ಕರೆದು ಕೂರಿಸಿ ಒಂದು ಕೀರ್ತನೆ ಹಾಕಿದರು. ನನಗಂತೂ ಚೆನ್ನಾಗಿಯೇ ಕೇಳಿಸಿತು. ಕಾಫಿ ಕೊಟ್ಟ ಮನೆಯಲ್ಲಿ ನನಗೆ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತದೆ.

"ಏನಾದ್ರೂ ವ್ಯತ್ಯಾಸ ಗೊತ್ತಾಯ್ತೇನೇ?" ಎಂದು ಹೆಂಡತಿಯನ್ನು ಕೇಳಿದರು.

ಟೀಚರ್ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಎದ್ದು ಹೋಗಿ ಸ್ಪೀಕರಿನ ಹಿಂದೆ ಬಗ್ಗಿ ನೋಡಿದರು.

"ಗೊತ್ತಾಯ್ತು ಕಣ್ರೀ. ಗುಡಿಸೋಕೆ ಕಷ್ಟ ಆಗುತ್ತೆ."

ಕಲ್ಲಿನ ಪೀಠ

ಸ್ಪೀಕರು ಅದುರಬಾರದಂತೆ. ಬನ್ನಿಮಂಟಪದ ಕಡೆಯಿಂದ ಎರಡು ಗ್ರಾನೈಟ್ ಚಪ್ಪಡಿ ಆಟೋದಲ್ಲಿ ಬಂದವು. ನಾನೂ ಕೈಜೋಡಿಸಿ ಇಳಿಸಿದೆ, ಸೊಂಟ ಇನ್ನೂ ಮರೆತಿಲ್ಲ.

ಈ ಸಲ ಟೀಚರೇ ಪರೀಕ್ಷೆ ಇಟ್ಟರು. "ನೀವು ಗೋಡೆ ಕಡೆ ತಿರುಗಿ ಕೂತ್ಕೊಳ್ಳಿ. ಒಂದ್ಸಲ ಕಲ್ಲಿನ ಮೇಲಿಟ್ಟು ಹಾಕ್ತೀನಿ, ಇನ್ನೊಂದ್ಸಲ ತೆಗೆದು ಹಾಕ್ತೀನಿ. ಯಾವುದು ಯಾವುದು ಅಂತ ನೀವೇ ಹೇಳಿ."

ಎರಡನೇ ಸಲ ಹಾಡು ಶುರುವಾದದ್ದೇ ತಡ, ಯಜಮಾನರು ತೊಡೆ ತಟ್ಟಿದರು. "ಕಲ್ಲು ತೆಗೆದುಬುಟ್ಟೆ ಕಣೇ. ಮೃದಂಗ ಸಪ್ಪಗಾಗೋಯ್ತು."

"ಆ ಕಲ್ಲು ಎತ್ತೋಕೆ ನನ್ನ ಕೈಲಾಗುತ್ತೇನ್ರೀ?" ಎಂದರು ಟೀಚರ್.

ಎಲ್ಲರಿಗಿಂತ ಜೋರಾಗಿ ನಕ್ಕವರು ಯಜಮಾನರೇ. ಆ ಗುಣಕ್ಕೇ ನನಗೆ ಅವರನ್ನು ಕಂಡರೆ ಇಷ್ಟ. ಮಾರನೆಯ ದಿನ ಇಡೀ ಬೀದಿಗೆ ಈ ಕತೆ ಹೇಳಿಕೊಂಡು ಬಂದರು, ಹೊಸದೇನನ್ನೋ ತರಿಸಿಯೂ ಬಿಟ್ಟರು.

ಕರೆಂಟು ಸೋಸುವ ಬೋರ್ಡು

ಆ ಹೊಸದೆಂದರೆ ಕರೆಂಟನ್ನೇ ಸೋಸಿ ಕೊಡುವ ಎಕ್ಸ್‌ಟೆನ್ಶನ್ ಬೋರ್ಡು. ದಸರಾ ಬಂದಿತ್ತು. ಬೆಳಿಗ್ಗೆ ಯಜಮಾನರು ಬೋರ್ಡು ಸಿಕ್ಕಿಸಿ, ಪೇಟೆಗೆ ಹೋಗಿ ಬಂದು ಸ್ನಾನಕ್ಕೆ ಹೋದರು. ಅಷ್ಟರಲ್ಲಿ ಟೀಚರ್ ಹಾಲ್‌ನಲ್ಲಿ ಗೊಂಬೆ ಕೂರಿಸಿದರು. ಗೋಡೆಯುದ್ದಕ್ಕೂ ಮೆಟ್ಟಿಲು, ಹಿಂದೆ ದಪ್ಪ ಪರದೆ, ಕೆಳಗೆ ಜಮಖಾನ, ಮೇಲೆ ರಾಜ ರಾಣಿಯ ಪಟ್ಟದ ಗೊಂಬೆಗಳು.

ಸ್ನಾನ ಮುಗಿಸಿ ಬಂದ ಯಜಮಾನರು ಹಾಡು ಹಾಕಿದರು. ಟೀಚರ್ ಸೌಟು ಹಿಡಿದೇ ಹೊರಗೆ ಬಂದರು. "ರೀ, ಇವತ್ತು ಚೆನ್ನಾಗಿದೆ. ಒಂದೊಂದು ತಂತೀನೂ ಬೇರೆ ಬೇರೆ ಕೇಳ್ತಿದೆ."

ಟವೆಲಿನಲ್ಲೇ ನಮ್ಮ ಮನೆಗೆ ಓಡಿ ಬಂದರು ಯಜಮಾನರು. ಅವರ ಕಣ್ಣಲ್ಲಿ ನೀರಿತ್ತು. ಬೋರ್ಡು ನೋಡೋಣವೆಂದು ಹೋದರೆ, ಅದು ಗೊಂಬೆಗಳ ಹಿಂದೆ ಸೀರಿಯಲ್ ಲೈಟಿಗೆ ಕರೆಂಟು ಸೋಸಿ ಕೊಡುತ್ತಿದೆ. ಸ್ಪೀಕರಿನ ಪ್ಲಗ್ಗು ಗೋಡೆಯ ಹಳೇ ಜಾಗಕ್ಕೇ ವಾಪಸ್ ಹೋಗಿದೆ.

"ಲೈಟಿನ ವೈರು ಗೋಡೆವರೆಗೂ ಬರ್ಲಿಲ್ಲ, ಅದಕ್ಕೆ ತಗೊಂಡೆ," ಎಂದರು ಟೀಚರ್. "ಆದ್ರೆ ಹಾಡು ಚೆನ್ನಾಗಿರೋದು ನಿಜ."

ಹಬ್ಬ ಮುಗಿದು ಗೊಂಬೆ ಎತ್ತಿಟ್ಟ ದಿನ ಹಾಡು ಮತ್ತೆ ಮೊದಲಿನಂತಾಯಿತು. ಯಜಮಾನರಿಗೆ ಆಗ ಹೊಳೆಯಿತು, ಅಷ್ಟು ದಿನ ಬರಿಗೋಡೆಗೆ ಬಡಿದು ಗೊಂಯ್‌ಗುಟ್ಟುತ್ತಿದ್ದ ಸದ್ದನ್ನು ಪರದೆ, ಜಮಖಾನಗಳು ಹೀರಿಕೊಂಡಿದ್ದವು. ಆದರೂ ಯಾವುದು ಎಷ್ಟು ಹೀರಿತ್ತೋ ಎಂಬ ಅನುಮಾನಕ್ಕೆ, ಒಂದನ್ನೂ ಬಿಡದೆ ಮತ್ತೆ ಜೋಡಿಸಿದರು.

ಕ್ರಿಸ್‌ಮಸ್‌ಗೆ ಕೇಕು ಕೊಡಲು ಹೋದಾಗ ನೋಡುತ್ತೇನೆ, ರಾಜ ರಾಣಿ ಇನ್ನೂ ಪಟ್ಟದಲ್ಲೇ ಇದ್ದಾರೆ. ಕೆಳಗೆ ಯಜಮಾನರು ಕಣ್ಣು ಮುಚ್ಚಿ ತಾಳ ಹಾಕುತ್ತಿದ್ದಾರೆ.

"ಏನ್ ಟೀಚರ್, ನಿಮ್ಮನೇಲಿ ದಸರಾ ಇನ್ನೂ ಮುಗಿದಿಲ್ವಾ?" ಎಂದೆ.

"ದಸರಾ ಯಾವಾಗ್ಲೋ ಮುಗೀತು ಕಣ್ರೀ," ಎಂದರು ಟೀಚರ್. "ಇದು ನಮ್ಮನೆಯವರು ಸ್ಪೀಕರಿಗೆ ಹಾಕ್ಸಿರೋ ಹೊಸ ಪಾರ್ಟು."